ಮುರಕಲ್ಲಿನ ಕಟ್ಟೆ ಕಂಪ್ಯೂಟರಿಗೆ ಬರಲಿ, ಅಂಗಳದ ಬಿಸಿಲು ಬೇಡ

ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಹಳೆ ಮನೆಗಳಲ್ಲಿ ಕಾಣುವ ಮುರಕಲ್ಲಿನ ತುಳಸಿಕಟ್ಟೆಯನ್ನು ಅದೇ ಆಕಾರ, ಅದೇ ಬಣ್ಣದಲ್ಲಿ ಕಂಪ್ಯೂಟರಿಗೆ ತರಲು ದುಬಾರಿ ಸ್ಕ್ಯಾನರ್ ಬೇಕಿಲ್ಲ, ಮೊಬೈಲ್ ಸಾಕು. ಈ ವಿದ್ಯೆಯ ಹೆಸರು ಫೋಟೊಗ್ರಾಮೆಟ್ರಿ. ಕಲ್ಲಿನ ಒಂದೇ ಗುರುತು ಬೇರೆ ಬೇರೆ ಫೋಟೊಗಳಲ್ಲಿ ಎಲ್ಲೆಲ್ಲಿ ಬಿದ್ದಿದೆ ಎಂದು ಹುಡುಕಿ, ಕ್ಯಾಮೆರಾ ನಿಂತ ಜಾಗವನ್ನೂ ಗುರುತಿನ ಜಾಗವನ್ನೂ ತಂತ್ರಾಂಶ ಒಟ್ಟಿಗೇ ಲೆಕ್ಕ ಹಾಕುತ್ತದೆ. ಮೈತುಂಬ ತೂತಿರುವ ಮುರಕಲ್ಲು ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ತೂತಿನಂತೆ ಇನ್ನೊಂದಿಲ್ಲ. ಸುಣ್ಣ ಬಳಿದ ನುಣುಪು ಕಟ್ಟೆಯಲ್ಲಾದರೆ ಹಿಡಿಯಲು ಗುರುತೇ ಸಿಗದೆ ಮಾದರಿಯೇ ತೂತಾಗುತ್ತದೆ.

ಆಕಾರ ಹೇಗೂ ಬರುತ್ತದೆ, ಕಷ್ಟ ಇರುವುದು ಬಣ್ಣದಲ್ಲಿ. ಮಟಮಟ ಮಧ್ಯಾಹ್ನ ತೆಗೆದರೆ ತೆಂಗಿನ ಸೋಗೆಯ ನೆರಳೂ ಕಲ್ಲಿನ ಬಣ್ಣವೆಂದೇ ದಾಖಲಾಗುತ್ತದೆ. ಆಮೇಲೆ ಅದೇ ಕಟ್ಟೆಯನ್ನು ಸಂಜೆಯ ದೃಶ್ಯದಲ್ಲಿಟ್ಟರೆ ಆಕಾಶದಲ್ಲಿ ಎರಡು ಸೂರ್ಯ ಇದ್ದಂತೆ. ಆದ್ದರಿಂದ ಮೋಡ ಕವಿದ ದಿನ ಆರಿಸಿ. ಮಳೆ ಬಂದ ಮರುದಿನ ಮಾತ್ರ ಬೇಡ: ನೀರು ಕುಡಿದ ಮುರಕಲ್ಲು ಕಪ್ಪಾಗಿ ಹೊಳೆಯುತ್ತದೆ, ಪೂರ್ತಿ ಒಣಗಲಿ.

ಮೊಬೈಲ್ ಕ್ಯಾಮೆರಾವನ್ನು ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ‘ಪ್ರೊ’ ಮೋಡ್‌ಗೆ ಹಾಕಿ: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ 1/125 ಸೆಕೆಂಡ್ ಅಥವಾ ಅದಕ್ಕಿಂತ ವೇಗ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ, ಶಟರ್ ನಿಧಾನ ಮಾಡಬೇಡಿ. ಕೈ ಅಲುಗಿ ಮಸುಕಾದ ಫೋಟೊ ಯಾವ ಕೆಲಸಕ್ಕೂ ಬಾರದು. ಫೋಟೊದಿಂದ ಫೋಟೊಗೆ ಬಣ್ಣ ಬದಲಾಗದಂತೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಜೂಮ್, ಪೋರ್ಟ್ರೇಟ್, ಎಚ್‌ಡಿಆರ್ ಬೇಡ. ಮೊದಲ ಫೋಟೊದಲ್ಲಿ ಕಟ್ಟೆಗೆ ಒರಗಿಸಿ ಒಂದು ಬೂದು ಕಾರ್ಡ್ ಇಡಿ; ಅಡಿಕೆ ತೋಟದ ಕಡೆಯಿಂದ ಬೀಳುವ ಹಸಿರು ಛಾಯೆಯನ್ನು ಆಮೇಲೆ ತೆಗೆಯಲು ಅದೇ ಆಧಾರ. ಬುಡದಲ್ಲಿ 30 ಸೆಂಟಿಮೀಟರಿನ ಸ್ಕೇಲ್ ಇಡುವುದನ್ನು ಮರೆಯಬೇಡಿ. ಫೋಟೊ ಮಾತ್ರ ನೋಡಿದ ತಂತ್ರಾಂಶಕ್ಕೆ ಕಟ್ಟೆಯೂ ಒಂದೇ, ಬೆಂಕಿಪೊಟ್ಟಣವೂ ಒಂದೇ.

ಒಂದು ಮೀಟರ್ ಎತ್ತರದ ಕಟ್ಟೆಯಾದರೆ ಒಂದೂವರೆ ಮೀಟರ್ ದೂರದಲ್ಲಿ ಸುತ್ತು ಬನ್ನಿ. 15 ಡಿಗ್ರಿಗೊಂದರಂತೆ ಸುತ್ತಿಗೆ 24 ಫೋಟೊ. ಮೊಣಕಾಲು, ಎದೆ, ತಲೆಯ ಮೇಲೆ ಎತ್ತಿದ ಕೈ ಎಂಬ ಮೂರು ಎತ್ತರದಲ್ಲಿ ಒಟ್ಟು 72. ದೀಪ ಇಡುವ ಗೂಡಿಗೆ ಹತ್ತಿರದಿಂದ ಇನ್ನೂ ಇಪ್ಪತ್ತು. ಒಂದು ಫೋಟೊದಲ್ಲಿ ಕಂಡದ್ದರ ಮುಕ್ಕಾಲು ಭಾಗ ಮುಂದಿನದರಲ್ಲೂ ಕಾಣಬೇಕು. ನಿಂತಲ್ಲೇ ನಿಂತು ಮೊಬೈಲ್ ತಿರುಗಿಸಿದರೆ ಆಳ ಸಿಗದು, ಹೆಜ್ಜೆ ಇಡಲೇಬೇಕು. ಗಾಳಿಗೆ ಅಲುಗುವ ತುಳಸಿ ಸರಿಯಾಗಿ ಬರುವುದಿಲ್ಲ, ಅದನ್ನು ಬೇರೆಯಾಗಿ ಮಾಡಿಕೊಳ್ಳಿ.

ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಇದ್ದರೆ ಎಚ್ಚರ. ಕಟ್ಟೆಯ ಜತೆ ನೆಲದ ಗುರುತುಗಳನ್ನೂ ತಂತ್ರಾಂಶ ಹಿಡಿಯುತ್ತದೆ. ನೀವು ಎರಡನೇ ಸುತ್ತಿನಲ್ಲಿರುವಾಗ ಯಾರಾದರೂ ಬಂದು ಕಾಲಿನಿಂದ ಅಡಿಕೆ ಎಳೆದು ಮಗುಚಿದರೆ, ಕಲ್ಲು ಕದಲಿಲ್ಲ ಆದರೆ ನೆಲ ಕದಲಿದೆ; ಕೊನೆಗೆ ಕಟ್ಟೆಗೆ ಎರಡೆರಡು ಅಂಚು ಮೂಡುತ್ತದೆ.

ಫೋಟೊಗಳನ್ನು ಉಚಿತ ತಂತ್ರಾಂಶ ಮೆಶ್‌ರೂಮ್‌ಗೆ ಹಾಕಿ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ ಸ್ಥಾನಗಳವರೆಗೆ ಬಂದು, ಆಳ ಲೆಕ್ಕ ಹಾಕುವ ಹಂತದಲ್ಲಿ ಕೆಲಸ ನಿಲ್ಲುತ್ತದೆ. ಸಿಕ್ಕ ಮಾದರಿಯನ್ನು ಬ್ಲೆಂಡರ್ ಎಂಬ ಉಚಿತ 3ಡಿ ತಂತ್ರಾಂಶದಲ್ಲಿ ತೆರೆದು, ಬುಡದಲ್ಲಿಟ್ಟ ಸ್ಕೇಲಿನ ಉದ್ದ ಅಳೆಯಿರಿ. 0.42 ಎಂದು ತೋರಿಸಿದರೆ, ಸ್ಕೇಲಿನ ನಿಜವಾದ ಉದ್ದ 0.30 ಮೀಟರನ್ನು ಅದರಿಂದ ಭಾಗಿಸಿ: ಇಡೀ ಮಾದರಿಯನ್ನು 0.714ರಿಂದ ಗುಣಿಸಿದರೆ ನಿಜವಾದ ಅಳತೆ. ಮಾದರಿಯ ಮೈಯಾಗಿರುವ ಲಕ್ಷಗಟ್ಟಲೆ ತ್ರಿಕೋನಗಳನ್ನು 50,000ಕ್ಕೆ ಇಳಿಸಿ, ಕಳೆದುಹೋದ ಸಣ್ಣ ತೂತುಗಳನ್ನು ನಾರ್ಮಲ್ ಮ್ಯಾಪ್ (ಉಬ್ಬುತಗ್ಗು ಇದ್ದಂತೆ ಬೆಳಕು ಬೀಳಿಸುವ ಚಿತ್ರ) ಆಗಿ ಉಳಿಸಿಕೊಳ್ಳಿ. ಮೊಬೈಲಿನಲ್ಲೂ ಸಲೀಸಾಗಿ ತಿರುಗುತ್ತದೆ.

ಕಲ್ಲಿಗೆ ಎಣ್ಣೆಯ ಜಿಡ್ಡಿದ್ದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸಿಂಗ್ ಫಿಲ್ಟರನ್ನು ಫ್ಲ್ಯಾಶಿಗೊಂದು, ಲೆನ್ಸಿಗೊಂದು ಹಾಕಿ, ಒಂದನ್ನು ಇನ್ನೊಂದಕ್ಕೆ 90 ಡಿಗ್ರಿ ತಿರುಗಿಸಿ. ಮೇಲ್ಮೈಯಿಂದ ನೇರ ಚಿಮ್ಮುವ ಹೊಳಪು ತಡೆದು, ಒಳಹೊಕ್ಕು ಬರುವ ಬಣ್ಣ ಮಾತ್ರ ದಾಟುತ್ತದೆ. ಪಕ್ಕದ ಹಿತ್ತಾಳೆ ಕಾಲುದೀಪಕ್ಕೆ ಈ ಉಪಾಯ ನಡೆಯದು, ಲೋಹದಲ್ಲಿ ಹೊಳಪೇ ಬಣ್ಣ, ಅದನ್ನು ತಡೆದರೆ ಕಪ್ಪು ಉಳಿಯುತ್ತದೆ. ತೆಳುಬಟ್ಟೆಯಲ್ಲಿ ವಿಭೂತಿ ಕಟ್ಟಿ, ಹೊಳಪು ಮುಚ್ಚುವಂತೆ ದೀಪದ ಮೇಲೆ ತಟ್ಟಿ, ಆಕಾರ ಮಾತ್ರ ತೆಗೆದುಕೊಳ್ಳಿ. ಹಿತ್ತಾಳೆಯ ಬಣ್ಣ, ಹೊಳಪನ್ನು ಬ್ಲೆಂಡರ್‌ನಲ್ಲಿ ಕೈಯಿಂದಲೇ ಕೊಡಬೇಕು.