ಎಸ್‌ಟಿಪಿ ಸ್ಲಡ್ಜ್‌ನಿಂದ ನೀರು ತೆಗೆಯೋದು ಹೇಗೆ

ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್ ಎಸ್‌ಟಿಪಿಗಳಲ್ಲಿ (ಕೊಳಚೆ ನೀರು ಶುದ್ಧಿ ಮಾಡೋ ಘಟಕ) ಸ್ಲಡ್ಜ್ ಅಂದ್ರೆ ಕೆಸರನ್ನ ಬಟ್ಟೆ ಹಾಕಿದ ಪ್ಲೇಟ್‌ಗಳ ಮಧ್ಯೆ ಒತ್ತಿ ನೀರು ತೆಗೆಯೋ ಫಿಲ್ಟರ್ ಪ್ರೆಸ್ ಇರುತ್ತೆ, ಆದ್ರೆ ಗಟ್ಟಿ ಕೇಕ್ ಬರಲ್ಲ, ಬರೀ ಗಂಜಿ ಬೀಳುತ್ತೆ ಅಂತ ಗೊಣಗಾಟ. ಎಷ್ಟೋ ಸಲ ತಪ್ಪು ಮಷಿನ್‌ದಲ್ಲ, ಪಾಲಿಮರ್ (ಕೆಸರನ್ನ ಗಡ್ಡೆ ಕಟ್ಸೋ ಪುಡಿ) ಹಾಕೋ ರೀತಿದು.

ಸ್ಲಡ್ಜ್‌ನಲ್ಲಿ 98-99% ನೀರೇ. ಮೊದ್ಲು ಸ್ಲಡ್ಜ್ ಟ್ಯಾಂಕ್‌ಗೆ ಗಾಳಿ ಬಿಡೋದು ನಿಲ್ಸಿ ಒಂದೆರಡು ಗಂಟೆ ತಳ ಕೂರೋಕೆ ಬಿಡಿ, ಮೇಲಿನ ತಿಳಿನ ಕೊಳಚೆ ಬಂದು ಸೇರೋ ಕಲೆಕ್ಷನ್ ಟ್ಯಾಂಕ್‌ಗೆ ವಾಪಸ್ ಕಳ್ಸಿ. ಆಮೇಲೆ ಪಾಲಿಮರ್: ಲೀಟರ್ ನೀರಿಗೆ 1 ಗ್ರಾಂ ಪುಡಿ, ನೀರು ತಿರುಗ್ತಾ ಇರೋವಾಗ್ಲೇ ಉಪ್ಪಿಟ್ಟಿಗೆ ರವೆ ಉದುರ್ಸೋ ಥರ ಉದುರ್ಸಿ, ಒಟ್ಟಿಗೆ ಸುರಿದ್ರೆ ಗಂಟುಗಂಟು, ಆಮೇಲೆ ಏನ್ ಮಾಡಿದ್ರೂ ಕರಗಲ್ಲ. ಮುಕ್ಕಾಲು ಗಂಟೆ ನಿಧಾನಕ್ಕೆ ಕಲಸ್ಬೇಕು. ನೆಲಕ್ಕೆ ಚೆಲ್ಲಿದ್ರೆ ಹುಷಾರು, ನಾನು ಜಾರಿ ಬಿದ್ದಿದೀನಿ.

ಡೋಸ್ ಅಂದಾಜಲ್ಲಿ ಬೇಡ. ಒಂದು ಲೋಟ ಸ್ಲಡ್ಜ್‌ಗೆ ಈ ಪಾಲಿಮರ್ ನೀರು ಸ್ವಲ್ಪ ಸ್ವಲ್ಪ ಹಾಕ್ತಾ, ಎರಡು ಲೋಟದಲ್ಲಿ ಕಾಫಿ ಆರಿಸೋ ಥರ ಸುರಿದು ನೋಡಿ, ಒಡೆದ ಹಾಲಿನಂಗೆ ಗಡ್ಡೆ ಬೇರೆ ನೀರು ಬೇರೆ ಆಯ್ತಾ, ಅಲ್ಲಿಗೆ ನಿಲ್ಸಿ. ಜಾಸ್ತಿ ಆದ್ರೆ ಲೋಳೆಯಾಗಿ ಬಟ್ಟೆ ಕಟ್ಕೊಳುತ್ತೆ.

ಅದೇ ಲೆಕ್ಕದಲ್ಲಿ ಪೂರ್ತಿ ಸ್ಲಡ್ಜ್‌ಗೆ ಪಾಲಿಮರ್ ಬೆರೆಸಿ ಪ್ರೆಸ್‌ಗೆ ಪಂಪ್ ಮಾಡಿ, ಶುರುನಲ್ಲಿ ಕಮ್ಮಿ ಪ್ರೆಷರ್, ಆಮೇಲೆ ನಿಧಾನಕ್ಕೆ 5-6 ಬಾರ್. ಪ್ರೆಸ್‌ನ ನಲ್ಲಿಲಿ ನೀರು ಹನಿಹನಿ ಆದಾಗ ಪ್ರೆಷರ್ ಪೂರ್ತಿ ಇಳ್ಸಿ ಪ್ಲೇಟ್ ಬಿಚ್ಚಿ. ಬಟ್ಟೆ ಅವತ್ತೇ ತೊಳೀರಿ, ಒಣಗಿದ್ರೆ ಕಲ್ಲು.