ಎರಡು ದಿನದ ಕಾಫಿ ಹೂವು, ವರ್ಷವಿಡೀ ಜೇನು

ನಮ್ಮ ಮನೆಯ ಅಟ್ಟದಲ್ಲಿ ಏಳು ಜೇನು ಪೆಟ್ಟಿಗೆ ಖಾಲಿ ಬಿದ್ದಿದ್ದವು. ಅಪ್ಪ ಅವನ್ನು ಒಡೆದು ಸೌದೆ ಮಾಡಲು ಬಿಡುತ್ತಿರಲಿಲ್ಲ. ಮತ್ತೆ ಜೇನು ಕೂರಿಸುವ ಮನಸ್ಸೂ ಅವರಿಗೆ ಇರಲಿಲ್ಲ. 1991-92ರ ಹೊತ್ತಿಗೆ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಥಾಯ್ ಸ್ಯಾಕ್ ಬ್ರೂಡ್ ಅನ್ನೋ ವೈರಸ್ ರೋಗ ಬಂತಲ್ಲ, ಆಗ ಕೊಡಗಿನಲ್ಲಿ ಸಾಲುಸಾಲು ಪೆಟ್ಟಿಗೆಗಳು ಬರಿದಾದವು. ನಮ್ಮವೂ ಹಾಗೇ ಹೋದವು. ನಾನಾಗ ಶಾಲೆಗೆ ಹೋಗುತ್ತಿದ್ದೆ. ಅಪ್ಪ ಒಂದು ಎರಿ, ಅಂದರೆ ಗೂಡಿನ ಮೇಣದ ಹಲ್ಲೆ, ಎತ್ತಿ ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರಿಗಳು ಕಣಗಳೊಳಗೆ ತಲೆ ಮೇಲೆತ್ತಿಕೊಂಡು ಸತ್ತಿದ್ದವು. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದ ಹಾಗೆ ಹೊರಗೆ ಬರುತ್ತಿದ್ದವು.

ನಾಪೋಕ್ಲು ಕಡೆ ಇರುವ ಮೂರು ಎಕರೆ ರೋಬಸ್ಟಾ ಕಾಫಿ ತೋಟ ನನ್ನ ಕೈಗೆ ಬಂದ ಮೇಲೆ ಆ ಪೆಟ್ಟಿಗೆಗಳನ್ನು ಕೆಳಗಿಳಿಸಿದೆ. ನಿಜ ಹೇಳಬೇಕೆಂದರೆ ಆಗ ನನಗೆ ಬೇಕಾಗಿದ್ದು ಜೇನುತುಪ್ಪ ಮಾತ್ರ. ಮನೆ ಖರ್ಚಿಗೆ ಆಗಿ ಉಳಿದದ್ದನ್ನು ಮಾರಬಹುದು ಅನ್ನೋ ಲೆಕ್ಕ. ಭಾಗಮಂಡಲದ ಜೇನು ತರಬೇತಿ ಕೇಂದ್ರಕ್ಕೆ ಹೋಗಿ ಕೆಲಸ ಕಲಿತುಕೊಂಡು ಬಂದೆ.

ಮೊದಲ ಜೇನು ಕುಟುಂಬ ಸಿಕ್ಕಿದ್ದು ನಮ್ಮ ತೋಟದಲ್ಲೇ, ಒಂದು ಹಳೇ ಹುತ್ತದಲ್ಲಿ. ಸಂಜೆ ನಾಲ್ಕರ ಮೇಲೆ ಹೊಗೆ ಕೊಟ್ಟು, ಹುತ್ತದ ಬಾಯಿ ನಿಧಾನಕ್ಕೆ ಅಗಲ ಮಾಡಿದೆ. ಎರಿಗಳನ್ನು ಒಂದೊಂದಾಗಿ ಕೊಯ್ದು, ಮರಿ ಇರುವ ಎರಿಗಳನ್ನು ಬಾಳೆನಾರಿನಿಂದ ಫ್ರೇಮಿಗೆ ಕಟ್ಟಿದೆ. ಕೊನೆಯ ಎರಿಯ ಹಿಂದೆ ರಾಣಿ ಕಂಡಳು. ಉಳಿದ ಜೇನುನೊಣಗಳಿಗಿಂತ ಉದ್ದ, ಬಣ್ಣ ಸ್ವಲ್ಪ ಕಪ್ಪು. ಅವಳನ್ನು ಪೆಟ್ಟಿಗೆಯೊಳಗೆ ಬಿಟ್ಟು ಬಾಗಿಲಿಗೆ, ಅವಳು ಹೊರಗೆ ಹೋಗದ ಹಾಗೆ, ರಾಣಿ ಗೇಟು ಹಾಕಿದೆ. ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಬಾಗಿಲ ಹತ್ತಿರ ಹತ್ತಿಪ್ಪತ್ತು ನೊಣಗಳು ಬಾಲ ಮೇಲೆತ್ತಿ ರೆಕ್ಕೆ ಬೀಸತೊಡಗಿದವು. ಅದು ‘ಎಲ್ಲರೂ ಇಲ್ಲಿಗೆ ಬನ್ನಿ’ ಎಂದು ವಾಸನೆಯಲ್ಲಿ ಕರೆಯುವ ರೀತಿ. ಹುತ್ತದ ಮೇಲೆ, ನನ್ನ ತೋಳಿನ ಮೇಲೆ, ಗಿಡದ ಮೇಲೆ ಕೂತಿದ್ದ ನೊಣಗಳೆಲ್ಲ ಸಾಲುಗಟ್ಟಿ ನಡೆದುಕೊಂಡೇ ಒಳಗೆ ಹೋದವು. ಕತ್ತಲಾದ ಮೇಲೆ ಅಪ್ಪ ಬಂದು ಪೆಟ್ಟಿಗೆಗೆ ಕಿವಿ ಕೊಟ್ಟು ಕೂತರು. ತುಂಬಾ ಹೊತ್ತು ಎದ್ದೇಳಲಿಲ್ಲ.

ಆ ಕುಟುಂಬ ಜುಲೈ ತಿಂಗಳಲ್ಲಿ ಪೆಟ್ಟಿಗೆ ಬಿಟ್ಟು ಹೋಯಿತು. ತಪ್ಪು ನನ್ನದೇ. ಕೊಡಗಿನ ಮಳೆ ಗೊತ್ತಲ್ವಾ, ವಾರಗಟ್ಟಲೆ ನೊಣ ಹೊರಗೆ ಹೋಗೋ ಹಾಗಿಲ್ಲ. ಹೋದರೂ ಹೂವಿಲ್ಲ. ನಾನು ಮೇ ತಿಂಗಳಲ್ಲಿ ಆಸೆಬಿದ್ದು, ಮರಿಗಳಿರುವ ಕೆಳಗಿನ ಸಂಸಾರ ಕೋಣೆಯ ತುಪ್ಪವನ್ನೂ ತೆಗೆದಿದ್ದೆ. ಹಸಿವಾದರೆ ತುಡುವೆ ಜೇನು ಕಾಯುತ್ತಾ ಕೂರುವುದಿಲ್ಲ. ಈಗ ಮೇಲಿನ ಜೇನು ಕೋಣೆಯ ತುಪ್ಪ ಮಾತ್ರ ನನ್ನದು, ಕೆಳಗಿನದು ಅವುಗಳದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಸಕ್ಕರೆ ಪಾಕ ಇಡುತ್ತೇನೆ. ಬಿಸಿನೀರಿಗೆ ಅಷ್ಟೇ ಸಕ್ಕರೆ ಕರಗಿಸಿ, ಆರಿಸಿ, ತೆಂಗಿನ ಚಿಪ್ಪಿನಲ್ಲಿ ಹಾಕಿ, ನೊಣ ಮುಳುಗದ ಹಾಗೆ ಮೇಲೆ ನಾಲ್ಕು ಕಡ್ಡಿ ಬಿಡಬೇಕು. ಕತ್ತಲಾಗುವಾಗಲೇ ಇಡಬೇಕು. ಹಗಲಲ್ಲಿ ಇಟ್ಟರೆ ಬೇರೆ ಪೆಟ್ಟಿಗೆಯ ನೊಣಗಳು ವಾಸನೆ ಹಿಡಿದು ದೋಚಲು ಬರುತ್ತವೆ. ಪೆಟ್ಟಿಗೆಯ ಕಾಲಿಗೆ ಇರುವೆ ಹತ್ತದ ಹಾಗೆ ನೀರಿನ ಬಟ್ಟಲು ಇಡುವುದು, ಹಳೇ ಎರಿಗೆ ಮೇಣದ ಹುಳು ಬಿದ್ದಿದೆಯಾ ನೋಡುವುದು, ಇವೆಲ್ಲ ದಿನನಿತ್ಯದ ಕೆಲಸ.

ಮೂರನೇ ವರ್ಷಕ್ಕೆ ಐದು ಪೆಟ್ಟಿಗೆ ನಿಂತವು. ಒಳ್ಳೆಯ ವರ್ಷ ಒಂದು ಪೆಟ್ಟಿಗೆಗೆ ಏಳೆಂಟು ಕೆಜಿ ತುಪ್ಪ ಸಿಗುತ್ತದೆ. ಆದರೆ ನನ್ನ ಲೆಕ್ಕವನ್ನೇ ಬದಲಾಯಿಸಿದ್ದು ತುಪ್ಪ ಅಲ್ಲ, ಕಾಫಿ.

ರೋಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬರಲೇಬೇಕು. ಅರೇಬಿಕಾಗೆ ಈ ತಾಪತ್ರಯ ಇಲ್ಲ, ಅದು ತಾನೇ ಕಟ್ಟಿಕೊಳ್ಳುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂವು ಅರಳಿಸುವ ಹೂಮಳೆ ಬಿದ್ದು, ಇಲ್ಲಾ ನಾವೇ ಸ್ಪ್ರಿಂಕ್ಲರ್ ಬಿಟ್ಟು, ಎಂಟು-ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಬೆಳ್ಳಗೆ ಅರಳುತ್ತದೆ. ಮಲ್ಲಿಗೆ ತರಹದ ಘಮ. ಹೂವು ಚೆನ್ನಾಗಿರುವುದು ಎರಡೇ ದಿನ. ಇಡೀ ವರ್ಷದ ಫಸಲು ಆ ಎರಡು ದಿನದಲ್ಲಿ ಗಾಳಿ ಮತ್ತು ನೊಣ ಮಾಡುವ ಕೆಲಸದ ಮೇಲೆ ನಿಂತಿದೆ.

ಗಾಳಿಯೇ ಸಾಕು ಅಂತ ನಮ್ಮ ಕಡೆ ಎಷ್ಟೋ ಜನ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಒಂದು ವರ್ಷ ನೋಡೇ ಬಿಡೋಣ ಅಂತ ಹತ್ತು ಗಿಡ ಆರಿಸಿ, ಒಂದೊಂದು ಗಿಡದಲ್ಲಿ ಒಂದೇ ಎತ್ತರದ ಎರಡು ರೆಂಬೆ ಗುರುತು ಮಾಡಿದೆ. ಹೂವು ಅರಳುವ ಹಿಂದಿನ ಸಂಜೆ ಒಂದಕ್ಕೆ ಹಳೇ ಸೊಳ್ಳೆ ಪರದೆ ಸುತ್ತಿದೆ. ಇನ್ನೊಂದನ್ನು ಹಾಗೇ ಬಿಟ್ಟು ಕೆಂಪು ದಾರ ಕಟ್ಟಿದೆ. ಬೆಳಗ್ಗೆ ನೋಡಿದರೆ ತೋಟವೆಲ್ಲ ಗುಂಯ್ ಅನ್ನುತ್ತಿತ್ತು. ನಮ್ಮ ತುಡುವೆ ಮಾತ್ರ ಅಲ್ಲ, ಹೆಜ್ಜೇನು, ಕೋಲುಜೇನು, ಸಣ್ಣ ಮುಜಂಟಿ ಕೂಡ ಬಂದಿದ್ದವು. ಒಂದು ಹೆಜ್ಜೇನು ಒಂದು ಗೊಂಚಲಿನಲ್ಲಿ ಮೂರ್ನಾಲ್ಕು ಹೂವು ಮುಟ್ಟಿ ಮುಂದಿನ ಗಿಡಕ್ಕೆ ಹಾರುತ್ತಿತ್ತು. ರೋಬಸ್ಟಾಕ್ಕೆ ಬೇಕಾದದ್ದು ಸರಿಯಾಗಿ ಅದೇ. ಮೂರನೇ ದಿನ ಹೂವು ಬಾಡಿದ ಮೇಲೆ ಪರದೆ ಬಿಚ್ಚಿದೆ.

ಕಾಯಿ ಕಟ್ಟಿದ್ದು ಆಗಲೇ ಗೊತ್ತಾಗುವುದಿಲ್ಲ. ಸಾಸಿವೆ ಕಾಳಿನಷ್ಟು ಆಗಿ, ಮಳೆಗಾಲ ಹಿಡಿಯುವ ತನಕ ಸುಮ್ನೆ ಕೂತಿರುತ್ತದೆ. ಜುಲೈನಲ್ಲಿ ಕೊಡೆ ಹಿಡಿದುಕೊಂಡು ಹೋಗಿ ನೋಡಿದೆ. ಪರದೆ ಸುತ್ತಿದ ರೆಂಬೆಯಲ್ಲೂ ಕಾಯಿ ಇತ್ತು, ಗಾಳಿ ತನ್ನ ಪಾಲಿನ ಕೆಲಸ ಮಾಡಿತ್ತು. ಆದರೆ ಗಣ್ಣಿನಲ್ಲಿ ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಜಾಗ ಬಿಟ್ಟಿತ್ತು. ಕೆಂಪು ದಾರದ ರೆಂಬೆಗಳಲ್ಲಿ ಬೆರಳು ತೂರಿಸಲು ಜಾಗ ಇಲ್ಲದಷ್ಟು ಒತ್ತಾಗಿ ಕೂತಿದ್ದವು. ಹತ್ತರಲ್ಲಿ ಎಂಟು ಗಿಡದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಪರದೆ ಗಾಳಿಯನ್ನೂ ಸ್ವಲ್ಪ ತಡೆದಿರಬಹುದು, ಅದನ್ನು ಒಪ್ಪುತ್ತೇನೆ. ಆದರೂ ಅವತ್ತಿನಿಂದ ಜೇನಿನ ಆದಾಯವನ್ನು ಬಾಟಲಿಯಲ್ಲಿ ಅಳೆಯುವುದನ್ನು ಬಿಟ್ಟೆ.

ಎಲ್ಲ ಬೆಳೆಗೂ ಜೇನು ಬೇಕು ಅಂತ ನಾನು ಹೇಳುವುದಿಲ್ಲ. ಅದೇ ತೋಟದ ಕಾಳುಮೆಣಸಿಗೆ ಪರಾಗ ಮುಟ್ಟಿಸಲು ಮಳೆಹನಿಯೇ ಸಾಕು. ಆದರೆ ಏಲಕ್ಕಿ ಇರುವವರು ಜೇನಿಲ್ಲದೆ ಕಾಯಿ ನೋಡುವುದು ಕಷ್ಟ. ಹಿತ್ತಲಿನ ಸೌತೆ, ಕುಂಬಳ, ಹಾಗಲಕ್ಕೂ ನೊಣವೇ ಗಂಡು ಹೂವಿನಿಂದ ಹೆಣ್ಣು ಹೂವಿಗೆ ಹೋಗಬೇಕು. ಕಾಡಿನ ಲೆಕ್ಕವಂತೂ ಇನ್ನೂ ದೊಡ್ಡದು. ನೇರಳೆ ಹೂವಿಗೆ ನೊಣ ಬಂದರೆ ಹಣ್ಣು, ಹಣ್ಣಿದ್ದರೆ ಹಕ್ಕಿ, ಹಕ್ಕಿ ಬಂದರೆ ಇನ್ನೆಲ್ಲೋ ಒಂದು ನೇರಳೆ ಸಸಿ.

ಎರಡು ದಿನ ನಮಗೆ ದುಡಿಯುವ ನೊಣ ಉಳಿದ ದಿನಗಳಲ್ಲಿ ಏನು ತಿನ್ನಬೇಕು? ಈ ಪ್ರಶ್ನೆ ಹಿಡಿದ ಮೇಲೆ ನನ್ನ ತೋಟಗಾರಿಕೆಯೇ ಬೇರೆಯಾಯಿತು. ಕಳೆನಾಶಕ ನಿಲ್ಲಿಸಿದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಬೆಳಗ್ಗೆ ಬೇಗ ಪೆಟ್ಟಿಗೆಯ ಮುಂದೆ ನಿಂತು ನೋಡಿ. ನೊಣಗಳು ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುತ್ತವೆ. ಎಲ್ಲಿಂದ ಅಂದರೆ ನಾವು ಕಳೆ ಅಂತ ಕೊಚ್ಚಿ ಹಾಕುವ ಮುಟ್ಟಿದರೆ ಮುನಿಯಿಂದ. ಈಗ ದಾರಿ ಬದಿಯಲ್ಲಿ ಅದನ್ನು ಹಾಗೇ ಬಿಡುತ್ತೇನೆ. ನೆರಳಿಗೆ ಒಂದೇ ಜಾತಿಯ ಸಿಲ್ವರ್ ಓಕ್ ಹಾಕುವ ಬದಲು ನೇರಳೆ, ಮತ್ತಿ, ಅಂಟುವಾಳ ನೆಟ್ಟಿದ್ದೇನೆ. ತೋಟದ ಅಂಚಿನಲ್ಲಿ ಒಂದು ದೊಡ್ಡ ಮರಕ್ಕೆ ಪ್ರತಿ ವರ್ಷ ಹೆಜ್ಜೇನು ಬಂದು ಕೂರುತ್ತದೆ. ಮರದ ವ್ಯಾಪಾರಿ ಎರಡು ಸಲ ಬಂದು ಬೆಲೆ ಹೇಳಿ ಹೋದ. ಕೊಡಲಿಲ್ಲ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ. ಅದಕ್ಕೆ ನಾವು ಕೊಡಬಹುದಾದ ಮನೆ ಅಂದರೆ ಆ ಮರವೊಂದೇ.

ಒಂದು ನೋವಿನ ದಿನದ ವಿಷಯ ಹೇಳಲೇಬೇಕು. ಹಿತ್ತಲಿನ ಬೀನ್ಸ್‌ಗೆ ಹುಳ ಬಿದ್ದಿತ್ತು. ಬೆಳಗ್ಗೆ ಒಂಬತ್ತಕ್ಕೆ, ಹೂವು ಇರುವಾಗಲೇ, ಔಷಧಿ ಹೊಡೆದೆ. ಮಧ್ಯಾಹ್ನ ಪೆಟ್ಟಿಗೆಯ ಮುಂದೆ ನೊಣಗಳು ಬಿದ್ದು ಸುತ್ತುತ್ತಿದ್ದವು, ನಾಲಿಗೆ ಹೊರಗೆ ಚಾಚಿಕೊಂಡಿದ್ದವು. ಕೆಲವುದರ ಕಾಲಿನಲ್ಲಿ ಪರಾಗದ ಉಂಡೆ ಹಾಗೇ ಇತ್ತು. ಗುಡಿಸಿದರೆ ಮೊರದ ತುಂಬ ಆಯಿತು. ಆಮೇಲೆ ಹೂವಿರುವ ಗಿಡಕ್ಕೆ ನಾನು ಔಷಧಿ ಮುಟ್ಟಿಸಿಲ್ಲ. ಬೇರೆ ದಾರಿಯೇ ಇಲ್ಲದಾಗ, ಹೂವು ಉದುರಿದ ಮೇಲೆ, ನೊಣ ಗೂಡು ಸೇರಿದ ನಂತರ ಹೊಡೆಯುತ್ತೇನೆ.

ಇದನ್ನು ಬೇಲಿ ಆಚೆಯ ತೋಟದ ಅಣ್ಣನಿಗೂ ಹೇಳಿದ್ದೆ. ಮೊದಲು ಅವರಿಗೆ ನಮ್ಮ ಪೆಟ್ಟಿಗೆಗಳ ಮೇಲೆ ಸಿಟ್ಟಿತ್ತು, ಅವರ ಆಳುಗಳಿಗೆ ಕಚ್ಚುತ್ತವೆ ಅಂತ. ಜುಲೈನಲ್ಲಿ ಕರೆದುಕೊಂಡು ಹೋಗಿ ಆ ಎರಡು ರೆಂಬೆ ತೋರಿಸಿದೆ. ಏನೂ ಮಾತಾಡಲಿಲ್ಲ, ಕೆಂಪು ದಾರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮುಂದಿನ ವರ್ಷ ಫೋನ್ ಬಂತು.

“ನಾಳೆ ಬೆಳಗ್ಗೆ ತರಕಾರಿಗೆ ಔಷಧಿ ಹೊಡೆಸ್ತಿದ್ದೀನಿ. ನಿಮ್ಮ ಪೆಟ್ಟಿಗೆ ಬಾಗಿಲು ಹಾಕ್ಕೊಳ್ಳಿ.”

“ಸಂಜೆ ಆರರ ಮೇಲೆ ಹೊಡೆಸಿ ಅಣ್ಣ, ಬಾಗಿಲು ಹಾಕೋದೇ ಬೇಡ.”

“ಆಯ್ತು, ಸಂಜೆನೇ ಹೊಡೆಸ್ತೀನಿ. ಮತ್ತೆ, ಹೂಮಳೆ ಆದ ಮೇಲೆ ಒಂದು ಪೆಟ್ಟಿಗೆ ನಮ್ಮ ಕಡೆ ಬೇಲಿ ಹತ್ತಿರ ಇಡ್ತೀರಾ?”