28 ದಿನದ ರಿಹ್ಯಾಬ್ ಮುಗಿದ ಮೇಲೆ: ಅಮೆರಿಕದಲ್ಲಿ ಮುಂದಿನ ಚಿಕಿತ್ಸೆ ಹೊಂದಿಸಿಕೊಳ್ಳುವುದು ಹೇಗೆ

ಊರಿನ ಮದ್ಯವರ್ಜನ ಶಿಬಿರಗಳನ್ನು ನೋಡಿ ಬೆಳೆದ ನಮಗೆ ಕುಡಿತದ ಚಿಕಿತ್ಸೆಯೆಂದರೆ ಹೋಗಿ, ಇದ್ದು, ಬಿಟ್ಟು ಬರುವುದು. ಅಮೆರಿಕಕ್ಕೆ ಬಂದ ಮೇಲೂ ಅದೇ ಲೆಕ್ಕ: ರಿಹ್ಯಾಬ್‌ನಲ್ಲಿ 28 ದಿನ, ಆಮೇಲೆ ಸೀದಾ ಮನೆ. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಚಿಕಿತ್ಸೆಯ ಫಲ ಬಹಳ ದಿನ ನಿಲ್ಲುವುದಿಲ್ಲ ಎಂದು ಇಲ್ಲಿನ ತಜ್ಞರು ಹೇಳುತ್ತಲೇ ಬಂದಿದ್ದಾರೆ. ಹಾಗಾಗಿ ಸೇರಿದ ಮೊದಲ ವಾರವೇ ಕೌನ್ಸೆಲರ್ ಹತ್ತಿರ ಕೇಳಿ: 29ನೇ ದಿನ ಎಲ್ಲಿಗೆ?

ಮೊದಲು ಡಿಟಾಕ್ಸ್, ಅಂದರೆ ವೈದ್ಯರ ನಿಗಾದಲ್ಲಿ ದೇಹದಿಂದ ಮದ್ಯ ಇಳಿಸುವುದು. ದಿನವೂ ಹೆಚ್ಚು ಕುಡಿಯುತ್ತಿದ್ದವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬಾರದು. ಮೊದಲೆರಡು ದಿನಗಳಲ್ಲಿ ಫಿಟ್ಸ್, ಆಮೇಲೆ ಸನ್ನಿ ಬಂದು ಜೀವಕ್ಕೇ ಅಪಾಯವಾಗಬಹುದು. ನಂತರ ಒಳಗೇ ಇದ್ದು ಪಡೆಯುವ ರೆಸಿಡೆನ್ಷಿಯಲ್ ಚಿಕಿತ್ಸೆ. ಅದಾದ ಮೇಲೆ ಹಗಲು ಹೋಗಿ ಚಿಕಿತ್ಸೆ ಪಡೆದು ಹಿಂದಿರುಗುವ, ವಾರಕ್ಕೆ 20 ಗಂಟೆಗೆ ಕಡಿಮೆಯಿಲ್ಲದ ಪಿಎಚ್‌ಪಿ, ಬಳಿಕ ಹೊರರೋಗಿಯಾಗಿಯೇ ವಾರಕ್ಕೆ ಕನಿಷ್ಠ 9 ಗಂಟೆ ಪಡೆಯುವ ಐಒಪಿ. ಐಒಪಿ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಗಂಟೆ. ಸಂಜೆಯ ಬ್ಯಾಚ್ ಸಿಕ್ಕರೆ ಕೆಲಸಕ್ಕೂ ಹೋಗಬಹುದು. ಎಕ್ಸ್‌ಟೆಂಡೆಡ್ ಕೇರ್ ಎನ್ನುವುದು ಈ ನಡುವಿನ ತಿಂಗಳುಗಳು: ಉಳಿಯಲು ಮೇಲ್ವಿಚಾರಣೆಯ ಜಾಗ, ಹಗಲು ಚಿಕಿತ್ಸೆ, ಜೊತೆಗೆ ಅಡುಗೆ, ಬಟ್ಟೆ, ಕೆಲಸ ಹುಡುಕುವ ಅಭ್ಯಾಸ.

ಕುಟುಂಬದವರಿಗೆ ಮೊದಲು ಎದುರಾಗುವ ತಡೆ ಗೌಪ್ಯತೆಯ ಕಾನೂನು. ರೋಗಿಯ ಸಹಿಯಿಲ್ಲದೆ, 'ಇಂಥವರು ನಮ್ಮಲ್ಲಿದ್ದಾರೆ' ಎಂದು ಹೆಂಡತಿಗೂ ಹೇಳುವಂತಿಲ್ಲ. ಸೇರುವ ದಿನವೇ ಒಪ್ಪಿಗೆ ಪತ್ರದಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಬರೆಸಿ. ಆಫೀಸಿಗೆ ಸುದ್ದಿ ಹೋಗದಂತೆ ಕಾಯುವುದೂ ಇದೇ ಕಾನೂನು. ಕುಟುಂಬದ ಸೆಷನ್‌ಗೆ ಕನ್ನಡ ದುಭಾಷಿ ಬೇಕೆಂದು ಮೊದಲೇ ಕೇಳಿ. ಸರ್ಕಾರದ ಹಣ ಪಡೆಯುವ ಕೇಂದ್ರಗಳು ಪುಕ್ಕಟೆಯಾಗಿ ಒದಗಿಸಬೇಕು. ಅಪ್ಪನ ಕುಡಿತದ ವಿಷಯವನ್ನು ಮಗನ ಬಾಯಲ್ಲಿ ಅನುವಾದ ಮಾಡಿಸಬೇಡಿ, ಅದು ಆ ಮಗುವಿಗೆ ಮಾಡುವ ಅನ್ಯಾಯ.

ಇನ್ಶೂರೆನ್ಸ್‌ನವರು ಮೂರು ತಿಂಗಳಿಗೆ ಒಟ್ಟಿಗೆ ಒಪ್ಪಿಗೆ ಕೊಡುವುದಿಲ್ಲ. ಕೆಲವೇ ದಿನಗಳಿಗೆ ಕೊಟ್ಟು ಮತ್ತೆ ಪರಿಶೀಲಿಸುತ್ತಾರೆ. ಎರಡನೇ ವಾರದ ಹೊತ್ತಿಗೆ 'ರೋಗಿ ಸ್ಥಿರವಾಗಿದ್ದಾರೆ, ಇಷ್ಟು ಚಿಕಿತ್ಸೆ ಬೇಕಿಲ್ಲ' ಎಂಬ ಉತ್ತರ ಬರಬಹುದು. ಹಿಂದೆ ಬಿಟ್ಟು ಮತ್ತೆ ಶುರುಮಾಡಿದ್ದು, ಖಿನ್ನತೆ, ಮನೆಯಲ್ಲೇ ಕುಡಿಯುವ ಇನ್ನೊಬ್ಬರಿರುವುದು ಇವೆಲ್ಲ ಕಡತದಲ್ಲಿ ಬರಹವಾಗಿ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತವೆ. ಮರ್ಯಾದೆಗೆ ಅಂಜಿ ಇವನ್ನು ಮುಚ್ಚಿಟ್ಟರೆ ನಷ್ಟ ನಿಮಗೇ. ನಿರಾಕರಣೆ ಬಂದರೆ ಲಿಖಿತ ಕಾರಣ ಕೇಳಿ, ನಿಮ್ಮ ವೈದ್ಯರು ಇನ್ಶೂರೆನ್ಸ್ ವೈದ್ಯರೊಂದಿಗೆ ನೇರ ಮಾತಾಡಲಿ. ಮೇಲ್ಮನವಿಗೆ 180 ದಿನ ಸಮಯವಿದೆ. ತುರ್ತು ಮೇಲ್ಮನವಿಗೆ ಅವರು 72 ಗಂಟೆಯೊಳಗೆ ಉತ್ತರಿಸಬೇಕು. 2008ರ ಸಮಾನತೆಯ ಕಾನೂನಿನ ಪ್ರಕಾರ, ವ್ಯಸನ ಚಿಕಿತ್ಸೆಗೆ ಬೇರೆ ಕಾಯಿಲೆಗಳಿಗಿಂತ ಬಿಗಿಯಾದ ಮಿತಿ ಹಾಕುವಂತಿಲ್ಲ.

ಕುಡಿತ ಬಿಟ್ಟವರು ಒಟ್ಟಿಗೆ ಇರುವ ಸೋಬರ್ ಹೋಮ್‌ನ ಬಾಡಿಗೆಗೆ ಸಾಮಾನ್ಯವಾಗಿ ಇನ್ಶೂರೆನ್ಸ್ ಬರುವುದಿಲ್ಲ. 1975ರಲ್ಲಿ ಮೇರಿಲ್ಯಾಂಡ್‌ನಲ್ಲಿ ಶುರುವಾದ ಆಕ್ಸ್‌ಫರ್ಡ್ ಹೌಸ್ ಮನೆಗಳಲ್ಲಿ ವಾರ್ಡನ್ ಇಲ್ಲ. ಇರುವವರೇ ಬಾಡಿಗೆ ಹಂಚಿಕೊಳ್ಳುತ್ತಾರೆ, ಹೊಸಬರನ್ನು ಮತ ಹಾಕಿ ಸೇರಿಸಿಕೊಳ್ಳುತ್ತಾರೆ, ಕುಡಿದವರು ಹೊರಗೆ. 'ಬಾಡಿಗೆ ಪುಕ್ಕಟೆ, ವಿಮಾನದ ಟಿಕೆಟ್ ನಮ್ಮದು' ಎಂದು ಕರೆಯುವವರಿಂದ ದೂರವಿರಿ. ರೋಗಿಗಳನ್ನು ಕಳಿಸಿ ಕಮಿಷನ್ ಪಡೆಯುವುದು 2018ರಿಂದ ಫೆಡರಲ್ ಅಪರಾಧ.

ಈ ಮನೆಗಳಲ್ಲಿ ಮೂತ್ರ ಪರೀಕ್ಷೆ ಇರುತ್ತದೆ. ನಮ್ಮ ಅಡುಗೆಮನೆಯೇ ಇಲ್ಲಿ ತೊಡಕು ತರಬಹುದು. ಗಸಗಸೆ ಪಾಯಸ ಕುಡಿದವರ ಪರೀಕ್ಷೆಯಲ್ಲಿ ಮಾರ್ಫಿನ್ ಕಾಣಿಸಿಕೊಳ್ಳಬಹುದು. ದಶಮೂಲಾರಿಷ್ಟ, ಅಶ್ವಗಂಧಾರಿಷ್ಟದಂಥ ಔಷಧಿಗಳು ಹುದುಗಿ ಆದವು, ಅವುಗಳಲ್ಲಿ ಆಲ್ಕೋಹಾಲ್ ಇದ್ದೇ ಇರುತ್ತದೆ. ಅತ್ತೆ ಪ್ರೀತಿಯಿಂದ ಕಳಿಸಿದ ಬಾಟಲಿಯನ್ನು ಸೂಟ್‌ಕೇಸಿನಿಂದ ಮೊದಲು ತೆಗೆದಿಡಿ.

ರಜೆಗೆ ಎಫ್‌ಎಂಎಲ್‌ಎ ಎಂಬ ಫೆಡರಲ್ ಕಾನೂನು ಇದೆ: 12 ವಾರ, ಸಂಬಳವಿಲ್ಲ, ಕೆಲಸ ಉಳಿಯುತ್ತದೆ. 12 ತಿಂಗಳ ನೌಕರಿ, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿಮೆ, 75 ಮೈಲಿಯೊಳಗೆ ಕಂಪನಿಯ 50 ನೌಕರರು ಇರಬೇಕು. ಚಿಕಿತ್ಸೆಗೆ ಹೋದ ದಿನಗಳಿಗೆ ಮಾತ್ರ ರಕ್ಷಣೆ, ಕುಡಿದು ಬಾರದ ದಿನಕ್ಕಿಲ್ಲ. ಎಚ್-1ಬಿ ಕೆಲಸದ ವೀಸಾದಲ್ಲಿರುವವರು ರಜೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಕುಡಿದು ಗಾಡಿ ಓಡಿಸಿ ಬಂಧನವಾಗಿದ್ದರೆ ವೀಸಾ ರದ್ದಾಗಬಹುದು; ಅಷ್ಟಕ್ಕೇ ಇಲ್ಲಿಂದ ಹೊರಡಬೇಕಾಗುವುದಿಲ್ಲ, ಆದರೆ ಊರಿಗೆ ಹೋದರೆ ಮರಳಿ ಬರಲು ಹೊಸ ವೀಸಾ ಬೇಕು, ವೈದ್ಯಕೀಯ ಪರೀಕ್ಷೆಯೂ ಆಗಬಹುದು. ಟಿಕೆಟ್ ಮಾಡುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕಾಣಿ.

ಬಿಡುಗಡೆಯ ದಿನ ಕೈಯಲ್ಲಿ ಮೂರು ಇರಲಿ: ಒಂದು ವಾರದೊಳಗಿನ ಅಪಾಯಿಂಟ್‌ಮೆಂಟ್, ಔಷಧಿ, ಚಿಕಿತ್ಸೆಯ ಸಾರಾಂಶ. ಕುಡಿಯುವ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್ ದಿನದ ಮಾತ್ರೆಯಾಗಿಯೂ ತಿಂಗಳ ಇಂಜೆಕ್ಷನ್ ಆಗಿಯೂ ಸಿಗುತ್ತದೆ. ಓಪಿಯಾಯ್ಡ್ (ಹೆರಾಯಿನ್, ಮಾರ್ಫಿನ್ ಜಾತಿಯ ಮಾದಕ) ವ್ಯಸನವಿದ್ದವರ ಮನೆಯಲ್ಲಿ, ಮಿತಿಮೀರಿದ ಪ್ರಮಾಣದ ಪರಿಣಾಮ ತಡೆಯುವ ನಲಾಕ್ಸೋನ್ ಮೂಗಿನ ಸ್ಪ್ರೇ ಇಡಿ, 2023ರಿಂದ ಚೀಟಿಯಿಲ್ಲದೆ ಸಿಗುತ್ತಿದೆ. ಕೆಲ ವಾರ ಬಿಟ್ಟ ದೇಹ ಹಳೆಯ ಪ್ರಮಾಣವನ್ನು ತಡೆಯಲಾರದು, ಎಷ್ಟೋ ಸಾವು ಆಗುವುದು ಹೀಗೆ. ಉಸಿರು ಕುಂದಿದರೆ ಸ್ಪ್ರೇ ಹಾಕಿ 911ಕ್ಕೆ ಕರೆ ಮಾಡಿ. ಕೇಂದ್ರ ಹುಡುಕಲು 1-800-662-4357, ದಿನದ 24 ಗಂಟೆ, ಉಚಿತ. ಇಂಗ್ಲಿಷ್ ಕಷ್ಟವೆನಿಸಿದರೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.